ಹೊಳೆ ಬದಿಯ ವಸಂತ: ಮಂಗಳೂರು ಸುತ್ತಮುತ್ತ ಹೊರಗೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಬಂತೆಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಬೆಂಗಳೂರಿಂದ ರಜೆಗೆ ಬರುವ ನೆಂಟರು ಕೇಳುತ್ತಾರೆ, ವರ್ಗವಾಗಿ ಬಂದ ಬ್ಯಾಂಕಿನವರು ಕೇಳುತ್ತಾರೆ, ಹಾಸ್ಟೆಲಿನ ಮಕ್ಕಳು ಮೆಸೇಜ್ ಹಾಕುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರೂ ಕೇಳುವುದುಂಟು. ಹೆಚ್ಚಿನವರು ಕೇಳುವುದು ಬೀಚಿನ ಬಗ್ಗೆ. ನನ್ನ ಉತ್ತರ ಮಾತ್ರ ಸುತ್ತಿ ಬಳಸಿ ಹೊಳೆಯ ಕಡೆಗೇ ಹೋಗುತ್ತದೆ. ಎರಡು ಹೊಳೆ ಇರುವ ಊರಲ್ಲಿ ಇದ್ದುಕೊಂಡು ನಾವು ಅವನ್ನು ಸೇತುವೆ ಮೇಲೆ ಬಸ್ಸಿನ ಕಿಟಕಿಯಿಂದ ಅರ್ಧ ನಿಮಿಷ ನೋಡಿ ಮುಗಿಸಿಬಿಡುತ್ತೇವೆ. ಅದು ನನಗೆ ತುಂಬಾ ಬೇಜಾರಿನ ವಿಷಯ. ಹಾಗಾಗಿ ಈ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ.

## ಮೊದಲ ಸಲ ಹೊರಡುವವರಿಗೆ

ನಮ್ಮ ಊರಲ್ಲಿ ವಸಂತ ಅಂತ ಒಂದು ಕಾಲ ಇದೆಯಾ? ಚಳಿ ಹೋದ ಕೂಡಲೇ ಸೆಕೆ ಅಲ್ವಾ?

ಇದೆ. ಸೆಕೆಯ ಗಲಾಟೆಯಲ್ಲಿ ನಮಗೆ ಕಾಣುವುದಿಲ್ಲ ಅಷ್ಟೇ. ಕ್ಯಾಲೆಂಡರಿನ ವಸಂತ ಯುಗಾದಿಗೆ ಶುರು. ಹೊಳೆ ಬದಿಯಲ್ಲಿ ಅದು ಒಂದು ತಿಂಗಳು ಮೊದಲೇ ಬಂದಿರುತ್ತದೆ. ಫೆಬ್ರವರಿ ಮಧ್ಯದಲ್ಲಿ ಗೇರುಮರದ ಕೆಳಗೆ ಒಮ್ಮೆ ನಿಂತು ನೋಡಿ, ಹೂವಿನ ಸಿಹಿ ವಾಸನೆ ಗಾಳಿಯ ತುಂಬಾ ಇರುತ್ತದೆ. ಕಾಟು ಮಾವಿನ ಮಿಡಿ ಉದುರಿರುತ್ತದೆ, ಅದನ್ನು ಹೆಕ್ಕಿ ಉಪ್ಪಿನಕಾಯಿಗೆ ಹಾಕುವವರ ಗಡಿಬಿಡಿ ಬೇರೆ. ಆಮೇಲೆ ಸುರಗಿ ಬರುತ್ತದೆ, ಒಣಗಿದ ಮೇಲೂ ಪರಿಮಳ ಬಿಡದ ಹೂವು ಅದು. ಏಪ್ರಿಲ್ ಮಧ್ಯದಲ್ಲಿ ಬಿಸು ಹಬ್ಬದ ಹೊತ್ತಿಗೆ ಕಕ್ಕೆ ಮರ ಇಡೀ ಹಳದಿ.

ಹೊಳೆಯೂ ಬದಲಾಗುತ್ತದೆ. ಮಳೆಗಾಲದಲ್ಲಿ ಕೆಂಪು ಕೆಂಪಾಗಿ ಹರಿದ ನೀರು ಈಗ ತಿಳಿಯಾಗಿ, ನಿಧಾನವಾಗಿ ಹೋಗುತ್ತಿರುತ್ತದೆ. ಫೆಬ್ರವರಿ ಮಧ್ಯದಿಂದ ಬಿಸುವಿನ ತನಕ, ಈ ಎರಡು ತಿಂಗಳು ನನ್ನ ಲೆಕ್ಕದ ವಸಂತ.

ನಾವು ಊರಿಗೆ ಹೊಸಬರು. ಯಾವ ನದಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ, ಸ್ವಲ್ಪ ಹೇಳ್ತೀರಾ?

ಎರಡು ಹೊಳೆಗಳು. ನೇತ್ರಾವತಿ ಕುದುರೆಮುಖದ ಕಡೆಯಿಂದ ಹುಟ್ಟಿ ಬರುತ್ತದೆ, ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಅದಕ್ಕೆ ಸೇರುತ್ತದೆ, ಬಂಟ್ವಾಳ, ತುಂಬೆ ದಾಟಿ ಉಳ್ಳಾಲ ಸೇತುವೆಯ ಅಡಿಯಿಂದ ಕಡಲಿಗೆ. ಇನ್ನೊಂದು ಫಲ್ಗುಣಿ. ಗುರುಪುರ ಹೊಳೆ ಎಂದೂ ಕರೆಯುತ್ತಾರೆ. ಅದು ಪೊಳಲಿ, ಗುರುಪುರ, ಕೂಳೂರು ಕಡೆಯಿಂದ ಬಂದು ನೇರ ಕಡಲಿಗೆ ಬೀಳುವುದಿಲ್ಲ. ಕಡಲಿನ ಹತ್ತಿರ ಬಂದ ಮೇಲೆ ದಕ್ಷಿಣಕ್ಕೆ ತಿರುಗಿ, ದಂಡೆಗೆ ಸಮವಾಗಿ ಬೋಳೂರು, ಬಂದರಿನ ಪಕ್ಕ ಹರಿದು ಹೋಗುತ್ತದೆ. ಅದರ ಮತ್ತು ಕಡಲಿನ ನಡುವೆ ಉಳಿದ ಉದ್ದನೆಯ ಹೊಯ್ಗೆ ಪಟ್ಟಿಯೇ ತಣ್ಣೀರುಬಾವಿ, ಬೆಂಗ್ರೆ. (ಹೊಯ್ಗೆ ಅಂದರೆ ಮರಳು. ನಗರದಲ್ಲಿ ಹೊಯ್ಗೆ ಬಜಾರ್ ಅಂತ ಜಾಗವೇ ಇದೆ.) ಎರಡೂ ಹೊಳೆ ಕಡಲು ಸೇರುವ ಜಾಗ ಅಳಿವೆ ಬಾಗಿಲು. ತುಳುವಿನಲ್ಲಿ ಮಂಗಳೂರಿಗೆ ಇರುವ ಕುಡ್ಲ ಅನ್ನುವ ಹೆಸರು ಈ ಕೂಡುವಿಕೆಯಿಂದಲೇ ಬಂತು ಎಂದು ಹೇಳುವವರು ಜಾಸ್ತಿ.

ಇಷ್ಟು ನಕ್ಷೆ ತಲೆಯಲ್ಲಿ ಕೂತರೆ ಸಾಕು, ಉಳಿದ ಜಾಗಗಳೆಲ್ಲ ತಾವಾಗಿ ಹೊಂದಿಕೊಳ್ಳುತ್ತವೆ.

ಒಂದೇ ಸಂಜೆ ಇದೆ, ಜೊತೆಗೆ ಮಕ್ಕಳು. ಎಲ್ಲಿಗೆ ಹೋಗೋದು?

ಕಣ್ಣು ಮುಚ್ಚಿಕೊಂಡು ಸುಲ್ತಾನ್ ಬತ್ತೇರಿಗೆ ಹೋಗಿ. ಬೋಳೂರಿನ ಹೊಳೆ ದಡದಲ್ಲಿರುವ ಕಪ್ಪು ಕಲ್ಲಿನ ಕಾವಲು ಬುರುಜು ಅದು, 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ವೈರಿ ಹಡಗುಗಳು ಹೊಳೆಯೊಳಗೆ ನುಗ್ಗದಂತೆ ಕಾಯಲು. ಮಕ್ಕಳಿಗೆ ಆ ಗೋಡೆಯ ಸಂದಿಗಳಲ್ಲಿ ಇಣುಕುವುದೇ ಖುಷಿ. ಸಂದಿಯಿಂದ ನೋಡಿದರೆ ಹೊಳೆ ಒಂದು ಸೀಳಿನಷ್ಟು ಕಾಣುತ್ತದೆ, ಆ ಸೀಳಿನಲ್ಲಿ ದೋಣಿಯೊಂದು ಹಾದು ಹೋಗುವುದನ್ನು ಕಾಯುತ್ತಾ ನಿಂತುಬಿಡುತ್ತಾರೆ.

ಅಲ್ಲಿಂದಲೇ ಫೆರಿ ದೋಣಿಯಲ್ಲಿ ಆಚೆ ದಡಕ್ಕೆ ದಾಟಬಹುದು. ದಾಟಲು ಕೆಲವೇ ನಿಮಿಷ. ದೋಣಿ ನಡು ಹೊಳೆಗೆ ಬಂದಾಗ ಒಂದು ಸಲ ಹಿಂತಿರುಗಿ ನೋಡಿ, ತೆಂಗಿನ ಸಾಲಿನ ಹಿಂದೆ ಇಡೀ ನಗರ ಗುಡ್ಡದ ಮೇಲೆ ಹತ್ತಿ ಕೂತ ಹಾಗೆ ಕಾಣುತ್ತದೆ. ಆಚೆ ಇಳಿದು ಸ್ವಲ್ಪ ನಡೆದರೆ ತಣ್ಣೀರುಬಾವಿ ಬೀಚು. ಬೆನ್ನಿಗೆ ಹೊಳೆ, ಎದುರಿಗೆ ಕಡಲು. ಅಲ್ಲೇ ಟ್ರೀ ಪಾರ್ಕ್ ಇದೆ, ನೆರಳು ಬೇಕಾದವರಿಗೆ ಒಳ್ಳೆಯದು.

ಒಂದು ಮಾತು. ದೋಣಿ ಹತ್ತುವ ಮೊದಲೇ "ಅಣ್ಣಾ, ಲಾಸ್ಟ್ ದೋಣಿ ಎಷ್ಟು ಹೊತ್ತಿಗೆ?" ಅಂತ ಕೇಳಿಕೊಳ್ಳಿ. ಕೇಳದೆ ಹೋದರೆ ಕೂಳೂರು ಸುತ್ತಿ ಬರಬೇಕಾಗುತ್ತದೆ.

ಎಷ್ಟು ಗಂಟೆಗೆ ಹೋದ್ರೆ ಸೆಕೆ ಕಡಿಮೆ?

ಬೆಳಗ್ಗೆ ಸೂರ್ಯ ಹುಟ್ಟುವಾಗ ಅಲ್ಲಿರಬೇಕು, ಒಂಬತ್ತರೊಳಗೆ ಮುಗಿಸಬೇಕು. ಇಲ್ಲವಾದರೆ ಸಂಜೆ ಐದರ ಮೇಲೆ. ಮಧ್ಯದ ಹೊತ್ತು ಮನೆಯಲ್ಲೇ ಇರಿ, ಅಥವಾ ಮರದಡಿಯಲ್ಲಿ.

ನಮ್ಮಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಸೂರ್ಯ ಮುಳುಗುವ ಹೊತ್ತು ಹೆಚ್ಚುಕಡಿಮೆ 6.40ರ ಆಸುಪಾಸಿನಲ್ಲೇ ಇರುತ್ತದೆ. ಬದಲಾಗುವುದು ಬೆಳಗು. ಫೆಬ್ರವರಿ ಮಧ್ಯದಲ್ಲಿ 6.50ರ ಹತ್ತಿರ ಹುಟ್ಟುವ ಸೂರ್ಯ ಏಪ್ರಿಲ್ ಮಧ್ಯಕ್ಕೆ 6.20ಕ್ಕೇ ಬಂದಿರುತ್ತಾನೆ. ಅಂದರೆ ದಿನ ಉದ್ದವಾದದ್ದು ಬೆಳಗ್ಗೆ ಬೇಗ ಏಳುವವರಿಗೆ ಮಾತ್ರ ಸಿಗುತ್ತದೆ. ಗಾಳಿಯ ಲೆಕ್ಕವೂ ಅದೇ. ಬೆಳಗ್ಗೆ ನೆಲದ ಕಡೆಯಿಂದ ತೆಳ್ಳಗೆ ಗಾಳಿ, ಹೊಳೆ ಕನ್ನಡಿ ಹಾಗೆ. ಬಿಸಿಲೇರಿದ ಮೇಲೆ ಕಡಲಗಾಳಿ ಶುರುವಾಗಿ ನೀರಿನ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತದೆ, ಸಂಜೆ ದಡದಲ್ಲಿ ಕೂರುವವರಿಗೆ ಆ ಗಾಳಿಯೇ ಸುಖ.

ಅಜ್ಜ ಅಜ್ಜಿ ಜಾಸ್ತಿ ನಡೆಯಲ್ಲ. ಅವರನ್ನೂ ಕರ್ಕೊಂಡು ಹೋಗೋ ಜಾಗ?

ಪಿಲಿಕುಳ ನಿಸರ್ಗಧಾಮ. ವಾಮಂಜೂರು ಹತ್ತಿರ, ಗುರುಪುರ ಹೊಳೆಯ ಬದಿಗೆ. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಎಂದು ಹೆಸರಿನ ಅರ್ಥ ಹೇಳುತ್ತಾರೆ. ಕೆರೆ ಇದೆ, ಮರಗಳಿವೆ, ಕೂರಲು ಜಾಗ ಇದೆ, ಅಜ್ಜಂದಿರಿಗೆ ತಮ್ಮ ಕಾಲದ ಗುತ್ತಿನ ಮನೆ (ಊರಿನ ದೊಡ್ಡ ಮನೆತನದವರ ಹಳೆಯ ಮನೆ) ನೋಡಿದ ಖುಷಿಯೂ ಸಿಗುತ್ತದೆ. ಪ್ರಾಣಿಗಳಿರುವ ಜೈವಿಕ ಉದ್ಯಾನಕ್ಕೆ ಸೋಮವಾರ ರಜೆ. ಅದನ್ನು ಮರೆತು ಗೇಟಿನ ತನಕ ಹೋಗಿ ವಾಪಸ್ ಬಂದವರು ಎಷ್ಟೋ ಮಂದಿ.

ಹೊರಗೆ ಹೋದಾಗ ಏನು ತಿನ್ನಬೇಕು, ಏನು ಕುಡಿಯಬೇಕು?

ಬೊಂಡ, ಅಂದರೆ ಎಳನೀರು. ಇದರಲ್ಲಿ ಚರ್ಚೆಯೇ ಇಲ್ಲ. ಆಮೇಲೆ ಬಚ್ಚಂಗಾಯಿ (ಕಲ್ಲಂಗಡಿ), ತಾಟಿನುಂಗು. ಮನೆಯಿಂದ ಹೊರಡುವವರು ಇಬ್ಬುಡ್ಲ (ಕರಬೂಜ) ಹಣ್ಣು ಹಿಚುಕಿ, ಬೆಲ್ಲ, ತೆಂಗಿನಹಾಲು, ಚೂರು ಏಲಕ್ಕಿ ಹಾಕಿ ಒಂದು ಬಾಟಲಿಯಲ್ಲಿ ತುಂಬಿಸಿಕೊಳ್ಳಿ. ನನಗೆ ಗೊತ್ತಿರುವ ಹಾಗೆ ಸೆಕೆಗೆ ಅದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಏಪ್ರಿಲ್ ಬಂದರೆ ಪುನರ್ಪುಳಿ (ಕೋಕಂ) ಶರಬತ್ತು. ದಂಡೆಯಲ್ಲಿ ಚರುಮುರಿ ತಿನ್ನದೆ ಬರುವುದು ಹೇಗೂ ಆಗುವುದಿಲ್ಲ, ಕಾಗದದ ಪೊಟ್ಟಣ ಮಾತ್ರ ವಾಪಸ್ ತನ್ನಿ.

## ಒಂದೆರಡು ಸಲ ಹೋಗಿ ಬಂದವರಿಗೆ

"ಉಬ್ಬರ ಇಳಿತ ನೋಡ್ಕೊಂಡು ಹೋಗಿ" ಅಂತೀರಲ್ಲ, ಅದನ್ನು ನೋಡೋದು ಹೇಗೆ?

ಇದು ನನಗೆ ಅತಿ ಇಷ್ಟದ ಪ್ರಶ್ನೆ. ಕಡಲ ಬದಿಯ ಹೊಳೆಗೆ ಎರಡು ದಿಕ್ಕಿದೆ. ಉಬ್ಬರದಲ್ಲಿ ಕಡಲ ನೀರು ಒಳಗೆ ತಳ್ಳುತ್ತದೆ, ಹೊಳೆ ಹಿಂದಕ್ಕೆ ಹರಿದ ಹಾಗೆ ಕಾಣುತ್ತದೆ. ಇಳಿತದಲ್ಲಿ ಒಳಗಿನ ನೀರೆಲ್ಲ ಹೊರಗೆ ಓಡುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಡಿಮೆ. ಮೊಬೈಲಿನಲ್ಲಿ ಟೈಡ್ ಚಾರ್ಟ್ ಅಂತ ಹುಡುಕಿದರೆ ಮಂಗಳೂರಿನ ಸಮಯ ಸಿಗುತ್ತದೆ.

ಚಾರ್ಟ್ ಇಲ್ಲದೆಯೂ ಗೊತ್ತಾಗುತ್ತದೆ. ಸೇತುವೆಯ ಕಂಬ ನೋಡಿ. ಕಂಬದ ಮೇಲೆ ಚಿಪ್ಪು ಅಂಟಿಕೊಂಡ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಹೊರಗೆ ಕಂಡು ಒದ್ದೆಯಾಗಿ ಹೊಳೆಯುತ್ತಿದ್ದರೆ ನೀರು ಈಗಷ್ಟೇ ಇಳಿಯುತ್ತಿದೆ. ಒಣಗಿ ಬೂದು ಬಣ್ಣಕ್ಕೆ ಬಂದಿದ್ದರೆ ಇಳಿದು ತುಂಬಾ ಹೊತ್ತಾಗಿದೆ, ಇನ್ನು ಏರುವ ಸಮಯ. ಲಂಗರು ಹಾಕಿದ ದೋಣಿಯ ಮೂತಿ ಯಾವ ಕಡೆಗಿದೆ ಎಂದೂ ನೋಡಿ, ಗಾಳಿ ಜೋರಿಲ್ಲದಿದ್ದರೆ ನೀರು ಬರುವ ದಿಕ್ಕಿಗೆ ಅದು ಮುಖ ಮಾಡಿರುತ್ತದೆ.

ಇದು ಗೊತ್ತಾದರೆ ಲಾಭ ಏನು ಅಂದರೆ, ಪೂರ್ತಿ ಇಳಿತದ ಹೊತ್ತಿಗೆ ಹಕ್ಕಿಗಳು, ಹೊಯ್ಗೆ ದಿಬ್ಬಗಳು, ಚಿಪ್ಪು ಹೆಕ್ಕುವವರು ಎಲ್ಲ ಕಾಣುತ್ತಾರೆ. ದೋಣಿ, ಕಯಾಕಿಗೆ ಏರಿದ ನೀರು ಒಳ್ಳೆಯದು. ಒಂದೇ ಜಾಗ ಆರು ಗಂಟೆ ಬಿಟ್ಟು ನೋಡಿದರೆ ಬೇರೆಯೇ ಜಾಗ.

ಸೊಂಟದ ತನಕ ನೀರಲ್ಲಿ ನಿಂತು ಚಿಪ್ಪು ಹೆಕ್ಕೋರನ್ನು ನೋಡಿದೆ. ನಾವೂ ಹೆಕ್ಕಬಹುದಾ?

ಅದು ಮರುವಾಯಿ. ನೇತ್ರಾವತಿಯಲ್ಲೂ ಫಲ್ಗುಣಿಯಲ್ಲೂ ಇಳಿತದ ಹೊತ್ತಿಗೆ ಹೆಕ್ಕುತ್ತಾರೆ. ಒಮ್ಮೆ ಮಾರ್ಚಿನಲ್ಲಿ ದಡದಲ್ಲಿ ಕೂತು ಒಬ್ಬ ಅಕ್ಕ ಹೆಕ್ಕುವುದನ್ನು ಒಂದು ಗಂಟೆ ನೋಡಿದ್ದೇನೆ. ಅವರು ನೀರಿನೊಳಗೆ ನೋಡುವುದೇ ಇಲ್ಲ. ಕಣ್ಣು ಎಲ್ಲೋ ದೂರ, ಕಾಲ ಬೆರಳು ಕೆಸರಿನಲ್ಲಿ ಹುಡುಕುತ್ತಿರುತ್ತದೆ. ಬೆರಳಿಗೆ ಗಟ್ಟಿ ತಾಗಿದ ಕೂಡಲೇ ಬಗ್ಗಿ ಕೈ ಹಾಕುತ್ತಾರೆ, ಸೊಂಟಕ್ಕೆ ಹಗ್ಗದಿಂದ ಕಟ್ಟಿದ ಪಾತ್ರೆ ನೀರಿನ ಮೇಲೆ ತೇಲುತ್ತಾ ಹಿಂದೆಯೇ ಬರುತ್ತಿರುತ್ತದೆ, ಟಣ್ ಎಂದು ಅದಕ್ಕೆ ಬೀಳುತ್ತದೆ. "ಸಣ್ಣದು ಬಿಡಬೇಕು, ನಾಡ್ದಿಗೆ ಬೇಕಲ್ಲ" ಅಂದರು. ಎಂಟಾಣೆ ಗಾತ್ರದ್ದನ್ನೆಲ್ಲ ವಾಪಸ್ ಎಸೆಯುತ್ತಿದ್ದರು.

ನೀವು ಹೆಕ್ಕುವುದಾದರೆ ಜಾಗ ಗೊತ್ತಿರುವವರ ಜೊತೆಗೇ ಇಳಿಯಿರಿ. ಚರಂಡಿ ನೀರು ಬಂದು ಸೇರುವ ಕಡೆ ಬೇಡವೇ ಬೇಡ. ಮರುವಾಯಿ ನೀರು ಸೋಸಿ ಬದುಕುವ ಜೀವಿ, ನೀರಿನ ಕೊಳಕು ಅದರೊಳಗೆ ಸೇರುತ್ತದೆ. ನಿಜ ಹೇಳಬೇಕೆಂದರೆ ಅವರಿಂದಲೇ ಕೊಂಡುಕೊಳ್ಳುವುದು ಒಳ್ಳೆಯದು, ಅದು ಅವರ ದಿನದ ದುಡಿಮೆ. ಮನೆಗೆ ತಂದು ನೀರಲ್ಲಿ ಕೆಲವು ಗಂಟೆ ಬಿಟ್ಟರೆ ಹೊಯ್ಗೆ ಉಗುಳುತ್ತದೆ. ಆಮೇಲೆ ಸುಕ್ಕ ಮಾಡುತ್ತೀರೋ, ಪುಂಡಿ ಹಾಕುತ್ತೀರೋ ನಿಮಗೆ ಬಿಟ್ಟಿದ್ದು.

ಕಯಾಕಿಂಗ್ ಮಾಡ್ಬೇಕು ಅಂತ ಆಸೆ. ಆದ್ರೆ ನಂಗೆ ಈಜು ಬರಲ್ಲ. ಪರವಾಗಿಲ್ವಾ?

ಲೈಫ್ ಜಾಕೆಟ್ ಸರಿಯಾಗಿದ್ದರೆ, ಜೊತೆಗೆ ಗೊತ್ತಿರುವವರು ಇದ್ದರೆ, ತಣ್ಣಗಿನ ಹಿನ್ನೀರಿನಲ್ಲಿ ಪರವಾಗಿಲ್ಲ. ಅಳಿವೆಯ ಹತ್ತಿರ ಬೇಡ. ಶುರು ಮಾಡುವವರಿಗೆ ನಾನು ಹೇಳುವುದು ಉಡುಪಿ ಕಡೆಯ ಸಾಲಿಗ್ರಾಮದ ಪಾರಂಪಳ್ಳಿ. ಸೀತಾ ಹೊಳೆಯ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸಣ್ಣ ಸಣ್ಣ ದಾರಿ. ಅಲೆ ಇಲ್ಲ, ನೆರಳಿದೆ. ಹುಟ್ಟು ಹಾಕುವುದನ್ನು ನಿಲ್ಲಿಸಿ ಸುಮ್ನೆ ಕೂತರೆ ಕಾಂಡ್ಲಾ ಬೇರುಗಳ ಮೇಲೆ ಏಡಿ ಹತ್ತುವ ಸದ್ದು ಕೂಡ ಕೇಳುತ್ತದೆ. ಮುಲ್ಕಿಯ ಶಾಂಭವಿ ಹೊಳೆಯೂ ಚೆನ್ನಾಗಿದೆ.

ಜಾಕೆಟ್ ವಿಷಯದಲ್ಲಿ ಸಂಕೋಚ ಬೇಡ. ಒಂದು ಕಡೆ ನನಗೆ ಕೊಟ್ಟ ಜಾಕೆಟಿನ ಬಕಲ್ ಮುರಿದಿತ್ತು, "ಏನಾಗಲ್ಲ ಸರ್, ಆಳ ಇಲ್ಲ" ಅಂದರು. ನಾನು ಹಣ ವಾಪಸ್ ಕೇಳಿ ಬಂದೆ. ಎಲ್ಲ ಬಕಲ್ ಹಾಕಿದ ಮೇಲೆ ಯಾರಾದರೂ ನಿಮ್ಮ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಲಿ. ಕಿವಿಯ ತನಕ ಬಂದರೆ ಅದು ನಿಮ್ಮ ಅಳತೆಯದ್ದಲ್ಲ. ಬೆಳಗ್ಗೆಯೇ ಹೋಗಿ, ಕಡಲಗಾಳಿ ಎದ್ದ ಮೇಲೆ ವಾಪಸ್ ಬರುವಾಗ ತೋಳು ಸೋತು ಹೋಗುತ್ತದೆ.

ಸೈಕಲ್ ಹೊಡೆಯೋಕೆ ಟ್ರಾಫಿಕ್ ಇಲ್ಲದ ದಾರಿ ಹೇಳಿ

ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ಕೋಡಿಬೆಂಗ್ರೆ ತನಕ. ಕೊನೆಯ ಭಾಗದಲ್ಲಿ ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ಎರಡೂ ಸದ್ದು ಒಟ್ಟಿಗೆ ಕೇಳುವುದಿಲ್ಲ, ಹೊಳೆ ಸುಮ್ಮನಿರುತ್ತದೆ. ತುದಿಯಲ್ಲಿ ಸೀತಾ, ಸುವರ್ಣಾ ಎರಡೂ ಕಡಲಿಗೆ ಸೇರುತ್ತವೆ. ವಾಪಸ್ ಬರುವಾಗ ಕೆಮ್ಮಣ್ಣಿನ ತಿಮ್ಮಣ್ಣ ಕುದ್ರುವಿನ ತೂಗುಸೇತುವೆ ನೋಡಬಹುದು, ಸೈಕಲ್ ಇಳಿದು ನಡೆಯಿರಿ. ಕುದ್ರು ಅಂದರೆ ಹೊಳೆ ನಡುವಿನ ದ್ವೀಪ, ಅಲ್ಲಿ ಮನೆಗಳಿವೆ, ಜನ ಇದ್ದಾರೆ. ಅವರ ಅಂಗಳ ನಮ್ಮ ಫೋಟೋ ತೆಗೆಯುವ ಜಾಗ ಅಲ್ಲ.

ಇನ್ನೊಂದು, ಮಲ್ಪೆಯಿಂದ ದಕ್ಷಿಣಕ್ಕೆ ಪಡುಕೆರೆ, ಮಟ್ಟು ಕಡೆ. ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಗದ್ದೆಗಳು ರಸ್ತೆಗೇ ಕಾಣುತ್ತವೆ. ಚೀಲ ಇದ್ದರೆ ಒಂದು ಕಿಲೋ ತನ್ನಿ.

ಹಕ್ಕಿ ನೋಡೋಕೆ ದೂರ ಹೋಗಬೇಕಾ?

ಬೇಡ. ಬಂದರಿನ ದಕ್ಕೆಯಿಂದ ಅಳಿವೆ ತನಕ ಗರುಡಗಳು ತಲೆಯ ಮೇಲೇ ಸುತ್ತುತ್ತಿರುತ್ತವೆ, ಕೆಂಚು ಮೈ, ಬಿಳಿ ಎದೆ. ಇಳಿತದ ಹೊತ್ತಿಗೆ ಹೊಯ್ಗೆ ದಿಬ್ಬದ ಮೇಲೆ ಕಡಲಕ್ಕಿಗಳ ಗುಂಪು. ಚಳಿಗಾಲಕ್ಕೆ ಉತ್ತರದಿಂದ ಬಂದ ಅತಿಥಿಗಳು ಅವು, ವಸಂತ ಮುಗಿಯುವುದರೊಳಗೆ ಹೊರಟು ಹೋಗುತ್ತವೆ. ಹಾಗಾಗಿ ಮಾರ್ಚ್ ಅಂದರೆ ಬೀಳ್ಕೊಡುವ ತಿಂಗಳು. ಮಕ್ಕಳು ಅವುಗಳನ್ನು ಓಡಿಸಿ ಹಾರಿಸುವುದನ್ನು ದಯವಿಟ್ಟು ತಡೆಯಿರಿ, ದೂರದ ಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವ ಸಮಯ ಅದು.

ನಿಮ್ಮ ಮನೆ ಹಿಂದೆ ತೋಟ, ಪೊದೆ ಇದ್ದರೆ ಬೆಳಗ್ಗೆ ಆರರ ಹೊತ್ತಿಗೆ, ಸಂಜೆ ಆರರ ಹೊತ್ತಿಗೆ ಕಿವಿ ಕೊಡಿ. ಎರಡು ಸ್ವರದ ಚೊಕ್ಕ ಸಿಳ್ಳೆ ಕೇಳಿದರೆ ಅದು ನವರಂಗ. ಮೈಯಲ್ಲಿ ಬಣ್ಣಗಳ ಜಾತ್ರೆಯೇ ಇದ್ದರೂ ತರಗೆಲೆಯ ನಡುವೆ ಕಣ್ಣಿಗೆ ಬೀಳುವುದು ಕಷ್ಟ. ಅದೂ ಮಳೆಗಾಲದ ಮೊದಲು ಉತ್ತರಕ್ಕೆ ಹೋಗುತ್ತದೆ.

ಹೊಳೆ ಬದಿಯ ಜಾತ್ರೆ ಯಾವುದಾದ್ರೂ ಇದೆಯಾ ಈ ಟೈಮಲ್ಲಿ?

ಪೊಳಲಿ. ಫಲ್ಗುಣಿ ದಡದ ರಾಜರಾಜೇಶ್ವರಿ ದೇವಸ್ಥಾನ. ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದ ತನಕ ಸುಮಾರು ಒಂದು ತಿಂಗಳು ಜಾತ್ರೆ. ಕೊನೆ ಕೊನೆಗೆ ಐದು ದಿನ ಚೆಂಡು, ಗದ್ದೆಯಲ್ಲಿ ತೊಗಲಿನ ಚೆಂಡಿಗಾಗಿ ಜನ ನುಗ್ಗುವುದನ್ನು ದೂರ ನಿಂತು ನೋಡಿದರೂ ಮೈ ಜುಮ್ಮೆನ್ನುತ್ತದೆ. ಪೊಳಲಿಗೆ ಹೋದವರು ಬಚ್ಚಂಗಾಯಿ ತರದೆ ಬರಬಾರದು ಎಂದು ನಮ್ಮಲ್ಲಿ ಮಾತಿದೆ, ಸುತ್ತಲಿನ ಗದ್ದೆಗಳಲ್ಲೇ ಬೆಳೆದದ್ದು, ಪ್ರಸಾದದ ಹಾಗೆ ಮನೆಗೆ ಒಯ್ಯುತ್ತಾರೆ. ನಮ್ಮ ಮನೆಯಲ್ಲಿ ದೊಡ್ಡಮ್ಮ ಅದನ್ನು ಕೈಯಿಂದ ತಟ್ಟಿ ಸದ್ದು ಕೇಳಿಯೇ ಆರಿಸುತ್ತಿದ್ದರು.

ರಾತ್ರಿಗೆ ಯಕ್ಷಗಾನ ಬಯಲಾಟ. ಮೇಳಗಳ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ, ಅಷ್ಟರೊಳಗೆ ಒಂದಾದರೂ ಆಟ ಬಯಲಲ್ಲಿ ಚಾಪೆ ಹಾಸಿ ನೋಡಿ.

## ನೀರಿಗೆ, ಕಾಡಿಗೆ ಇಳಿಯುವವರಿಗೆ

ಹೊಳೆಯಲ್ಲಿ ನೀರು ಮೊಣಕಾಲಿಗೇ ಇರೋದು. ಇಳಿದ್ರೆ ಏನಾಗುತ್ತೆ?

ಇದಕ್ಕೆ ಸ್ವಲ್ಪ ಗಟ್ಟಿಯಾಗಿಯೇ ಉತ್ತರ ಹೇಳುತ್ತೇನೆ. ಮೊಣಕಾಲಿನ ನೀರಿನ ಪಕ್ಕದಲ್ಲೇ ಎರಡಾಳು ಗುಂಡಿ ಇರಬಹುದು. ಹೊಯ್ಗೆ ತೆಗೆದ ಕಡೆ ಹೊಳೆಯ ತಳ ಸಮ ಇಲ್ಲ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನೀರು ನಗುತ್ತಾ ಹರಿಯುತ್ತಿರುತ್ತದೆ.

ನನ್ನ ಚಿಕ್ಕಪ್ಪನ ಮಗ ಹೀಗೇ ಒಂದು ಭಾನುವಾರ ಪ್ಯಾಂಟ್ ಮಡಚಿಕೊಂಡು ನಡೆಯುತ್ತಿದ್ದ. ನಮ್ಮ ಜೊತೆ ಮಾತಾಡುತ್ತಾ ಇದ್ದವನು ಒಂದು ಹೆಜ್ಜೆ ಹಿಂದಿಟ್ಟ, ತಲೆಯೇ ಕಾಣಲಿಲ್ಲ. ಕೂಗಲೂ ಇಲ್ಲ. ಮುಳುಗುವವರು ಕೂಗುವುದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ಹತ್ತಿರದಲ್ಲಿ ಬಲೆ ಬೀಸುತ್ತಿದ್ದವರು ದೋಣಿಯ ಗಳ ಚಾಚಿದ್ದಕ್ಕೆ ಅವನು ಬದುಕಿದ. ನಾವು ಮೂವರು ದಡದಲ್ಲಿ ನಿಂತೇ ಇದ್ದೆವು.

ಹಾಗಾಗಿ ಊರಿನವರು ದಿನಾ ಸ್ನಾನ ಮಾಡುವ ಜಾಗ ಬಿಟ್ಟು ಬೇರೆಲ್ಲೂ ಇಳಿಯಬೇಡಿ. ಯಾರಾದರೂ ಮುಳುಗಿದರೆ ಹಾರಬೇಡಿ, ಕೋಲು, ಹಗ್ಗ, ಲುಂಗಿ, ಖಾಲಿ ಕ್ಯಾನ್, ಸಿಕ್ಕಿದ್ದನ್ನು ಚಾಚಿ ಅಥವಾ ಎಸೆಯಿರಿ.

ಕಡಲಲ್ಲಿ ಸೆಳೆತಕ್ಕೆ ಸಿಕ್ಕಿದ್ರೆ ಏನು ಮಾಡ್ಬೇಕು?

ದಡದ ಕಡೆಗೆ ಎದುರಾಗಿ ಈಜಬೇಡಿ, ಸುಸ್ತಾಗುವುದು ಅಲ್ಲೇ. ಸೆಳೆತ ಒಂದು ಕಿರಿದಾದ ಓಣಿ ಇದ್ದ ಹಾಗೆ. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬನ್ನಿ, ಆಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಈಜಲು ಶಕ್ತಿ ಇಲ್ಲದಿದ್ದರೆ ಅಂಗಾತ ತೇಲುತ್ತಾ ಕೈ ಎತ್ತಿ. ಸೋಮೇಶ್ವರದ ಬಂಡೆಗಳ ಹತ್ತಿರ, ಅಳಿವೆಗಳ ಹತ್ತಿರ ನೀರಿಗೆ ಇಳಿಯಲೇ ಬೇಡಿ. ಪಣಂಬೂರು, ತಣ್ಣೀರುಬಾವಿಯಲ್ಲಿ ಜೀವರಕ್ಷಕರು ಸೀಟಿ ಊದಿದರೆ ಅವರ ಜೊತೆ ವಾದ ಬೇಡ.

ಸರ್ಫಿಂಗ್ ಕಲಿಯೋಕೆ ಇದು ಒಳ್ಳೆ ಟೈಮಾ?

ಹೌದು. ಮುಲ್ಕಿ, ಸಸಿಹಿತ್ಲು ಕಡೆ ಕಲಿಸುವವರಿದ್ದಾರೆ. ಶಾಂಭವಿ, ನಂದಿನಿ ಹೊಳೆಗಳು ಅಲ್ಲಿ ಕಡಲು ಸೇರುತ್ತವೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಇದೇ ಸಸಿಹಿತ್ಲುವಿನಲ್ಲಿ. ಫೆಬ್ರವರಿ, ಮಾರ್ಚಿನ ಅಲೆ ಸಣ್ಣದು, ಕಲಿಯುವವರಿಗೆ ಅದೇ ಬೇಕು. ಮೇ ಕೊನೆಗೆ ಕಡಲು ಏಳುತ್ತದೆ, ಆಗ ಹೊಸಬರು ಬೇಡ.

ರಾತ್ರಿ ದಂಡೆಯಲ್ಲಿ ಟೆಂಟ್ ಹಾಕಿ, ಬೆಂಕಿ ಹಾಕಿ ಕೂರಬಹುದಾ?

ಈ ಕಾಲದಲ್ಲಿ ಬೇಡ ಅನ್ನುವುದು ನನ್ನ ಕೋರಿಕೆ. ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುವ ಸಮಯ ಇದು. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಕಡೆ ಮೊಟ್ಟೆಗಳು ಸಿಕ್ಕಾಗ ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾದರು, ಮರಿಗಳು ಕಡಲಿಗೆ ಹೋದವು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಒಡೆಯಲು 45ರಿಂದ 60 ದಿನ. ಮರಿಗಳು ರಾತ್ರಿ ಹೊರಬಂದು ಬೆಳಕು ಇರುವ ಕಡೆಗೆ ಹರಿಯುತ್ತವೆ. ಕಡಲ ಮೇಲಿನ ಮಂದ ಬೆಳಕೇ ಅವುಗಳಿಗೆ ದಾರಿ. ನಮ್ಮ ಬೆಂಕಿ, ಬೈಕಿನ ಹೆಡ್‌ಲೈಟ್ ಕಂಡರೆ ತಿರುಗಿ ನೆಲದ ಕಡೆಗೆ ಬರುತ್ತವೆ, ಬೆಳಗಾಗುವಷ್ಟರಲ್ಲಿ ನಾಯಿ, ಕಾಗೆಗೆ ಆಹಾರ.

ದಂಡೆಯ ಮೇಲೆ ಟ್ರ್ಯಾಕ್ಟರ್ ಚಕ್ರದ ಥರದ ಗುರುತು ನೀರಿನಿಂದ ಮೇಲಕ್ಕೆ ಬಂದು ವಾಪಸ್ ಹೋಗಿದ್ದು ಕಂಡರೆ ತುಳಿಯಬೇಡಿ, ಅಗೆಯಬೇಡಿ. ಅಲ್ಲಿನ ಮೀನುಗಾರರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ದಂಡೆಯಲ್ಲಿ ಗಾಡಿ ಓಡಿಸುವುದು ಯಾವ ಕಾಲದಲ್ಲೂ ಸರಿಯಲ್ಲ.

ಹೊಳೆ ಹುಟ್ಟೋ ಕಡೆ ಹೋಗ್ಬೇಕು. ಕುದುರೆಮುಖ, ಕುಮಾರಪರ್ವತ ಚಾರಣ ಈಗ ಮಾಡಬಹುದಾ?

ಹುಲ್ಲು ಒಣಗಿರುವ ಕಾಲ, ಒಂದು ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಈ ಚಾರಣಗಳನ್ನು ನಿಲ್ಲಿಸುತ್ತದೆ. ಹೊರಡುವ ಮೊದಲು ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿ. ಯಾರೋ ಗೈಡ್ ಕಳ್ಳದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದರೆ ಒಪ್ಪಬೇಡಿ.

ಇನ್ನೊಂದು ಕಾರಣವೂ ಇದೆ. ಮಂಗನ ಕಾಯಿಲೆ ಡಿಸೆಂಬರಿನಿಂದ ಮೇ ತನಕ ಜಾಸ್ತಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ, ಉಣ್ಣಿ ಕಚ್ಚಿ ಹರಡುತ್ತದೆ. ಕಾಡಂಚಿನಲ್ಲಿ ಓಡಾಡುವುದಾದರೆ ಉದ್ದ ತೋಳು, ಸಾಕ್ಸ್ ಒಳಗೆ ಪ್ಯಾಂಟ್, ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಬೇರೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಈಗ ಹೊಳೆಯ ಮೇಲ್ಭಾಗ ನೋಡಲೇಬೇಕು ಅಂದರೆ ಉಪ್ಪಿನಂಗಡಿಯ ಸಂಗಮ ಸಾಕು. ಸಹಸ್ರಲಿಂಗೇಶ್ವರ ದೇವಸ್ಥಾನದ ಬದಿಯಲ್ಲಿ ನಿಂತರೆ ಎರಡು ನೀರು ಸೇರುವುದು ಕಾಣುತ್ತದೆ.

ಏಪ್ರಿಲ್‌ನಲ್ಲಿ ಸಂಜೆ ಗುಡುಗು ಶುರುವಾಗುತ್ತೆ. ದಂಡೆಯಲ್ಲಿದ್ರೆ ಏನು ಮಾಡೋದು?

ಮೊದಲ ಗುಡುಗಿಗೇ ಹೊರಡಬೇಕು. ನೀರಿನಿಂದ ಮೇಲೆ ಬನ್ನಿ, ತೆಂಗಿನ ಮರದ ಬುಡದಲ್ಲಿ ನಿಲ್ಲಬೇಡಿ, ಗಟ್ಟಿ ಕಟ್ಟಡಕ್ಕೆ ಅಥವಾ ಮುಚ್ಚಿದ ಕಾರಿಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ವಾಪಸ್ ಇಳಿಯಬೇಡಿ.

ಬಿಸು ಆದ ಮೇಲೆ ಬರ್ತೇವೆ. ಹೊಳೆ ಒಣಗಿರುತ್ತಾ?

ಕೆಳಗೆ ಒಣಗಿದ್ದು ಕಾಣುವುದಿಲ್ಲ, ಕಡಲ ನೀರು ಒಳಗೆ ಬಂದು ತುಂಬಿಕೊಂಡಿರುತ್ತದೆ. ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಮೇಲೆ ಹೋದಂತೆ ಬಂಡೆಗಳು ಎದ್ದಿರುತ್ತವೆ, ನಡುವೆ ಸಣ್ಣ ಮಡುಗಳು. ಉಪ್ಪುನೀರು ಮೇಲೆ ಬರದಂತೆ, ಸಿಹಿನೀರು ಕೆಳಗೆ ಹೋಗದಂತೆ ತಡೆದು ನಿಂತಿರುವುದು ತುಂಬೆಯ ಕಿಂಡಿ ಅಣೆಕಟ್ಟು. ಮಂಗಳೂರು ನಗರದ ನಲ್ಲಿ ನೀರು ಬರುವುದು ಅಲ್ಲಿಂದ. ಮಳೆ ತಡವಾದ ವರ್ಷ ಅಲ್ಲಿನ ಮಟ್ಟ ಇಳಿದು, ನಗರದಲ್ಲಿ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ಆಗ ಬರುವ ನೆಂಟರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಬನ್ನಿ, ಹೊಳೆ ತೋರಿಸುತ್ತೇನೆ, ಸ್ನಾನಕ್ಕೆ ಮಾತ್ರ ಒಂದೇ ಬಕೆಟ್.